ಬಾರ್ಸೆಲೋನಾದ ಓಣಿಯೊಳಗೊಂದು ಖಾನಾವಳಿ



ಖಾನಾವಳಿ ಎಂದರೆ ನಮ್ಮ ಭಾಗದ ಜನರಿಗೆ ಬೇರೆ ವಿವರಣೆ ಬೇಕಾಗಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ದುಧನಿ, ಜತ್, ಎಲ್ಲಿಗೆ ಹೋದರೂ ಬಸ್ ಸ್ಟ್ಯಾಂಡಿನ ಹತ್ತಿರ ಒಂದು, ಪೇಟೆಯ ಒಳಗೊಂದು ಖಾನಾವಳಿ ಇದ್ದೇ ಇರುತ್ತದೆ. ನಾಲ್ಕು ಬಾಕು, ನಾಲ್ಕು ಟೇಬಲ್ಲು, ಒಂದೇ ದರ. ಒಳಗೆ ಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವ ಸಪ್ಪಳ. ಇವತ್ತು ನಾನು ಇಂಥದೇ ಒಂದು ಖಾನಾವಳಿಯ ಸಂಗತಿ ಹೇಳುವವನಿದ್ದೇನೆ. ಅದು ಇರುವುದು ಮಾತ್ರ ಯುರೋಪ್ ಖಂಡದ ಸ್ಪೇನ್ ದೇಶದಲ್ಲಿ, ಬಾರ್ಸೆಲೋನಾ ಎಂಬ ದೊಡ್ಡ ಪಟ್ಟಣದ ಒಂದು ಓಣಿಯಲ್ಲಿ. ಅಲ್ಲಿ ಬಡಿಸುವುದು ಕತಲಾನ್ ಅಡಿಗೆ, ಅದೂ ಹೊಸ ರೀತಿಯದು. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರು ತಿಳಿಯಬೇಕಾದ ಕೆಲವು ವಿಷಯಗಳು ಆ ಊಟದಲ್ಲಿ ಇದ್ದವು. ಅದಕ್ಕೇ ಈ ಮಾತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಕಲಿತದ್ದು ಮ್ಯಾಟ್ರಿಕ್ ತನಕ. ಮಗಳು ಮತ್ತು ಅಳಿಯ ಬಾರ್ಸೆಲೋನಾದಲ್ಲಿ ಕೆಲಸದಲ್ಲಿದ್ದರು. 2023ರ ಮಾರ್ಚ್ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಕೆಲವು ವಾರ ಇದ್ದು ಬಂದೆವು. ನಾವು ಮಾಂಸ ತಿನ್ನುವವರಲ್ಲ. ಆದ್ದರಿಂದ ಊಟದ ಚಿಂತೆ ಮೊದಲಿನಿಂದಲೂ ಇತ್ತು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೊರಟಿದ್ದೆವು.

ಮೊದಲು ಆ ಸೀಮೆಯ ಪರಿಚಯ ಸ್ವಲ್ಪ ಆಗಬೇಕು. ಸ್ಪೇನಿನ ಈಶಾನ್ಯ ಮೂಲೆಯಲ್ಲಿ, ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಕಡೆ ಪಿರನೀಸ್ ಪರ್ವತ, ಇವುಗಳ ನಡುವಿನ ಪ್ರಾಂತಕ್ಕೆ ಅಲ್ಲಿಯವರು ಕತಲೂನ್ಯ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕ್ಯಾಟಲೋನಿಯಾ. ಅದರ ಮುಖ್ಯ ಪಟ್ಟಣ ಬಾರ್ಸೆಲೋನಾ. ಅಲ್ಲಿಯ ಜನರ ಭಾಷೆ ಕತಲಾನ್. ಅದು ಸ್ಪ್ಯಾನಿಷ್ ಭಾಷೆಯ ಉಪಭಾಷೆ ಅಲ್ಲ. ಎರಡೂ ಲ್ಯಾಟಿನ್ನಿನಿಂದ ಹುಟ್ಟಿದ ಅಕ್ಕತಂಗಿಯರು. ಕತಲಾನ್ ಮಾತಾಡುವವರು ಒಂದೇ ಗಡಿಯೊಳಗೆ ಇಲ್ಲ. ಸ್ಪೇನಿನ ವಲೆನ್ಸಿಯಾದಲ್ಲಿ, ಬಲೆಯಾರ್ ದ್ವೀಪಗಳಲ್ಲಿ, ಫ್ರಾನ್ಸಿನೊಳಗಿನ ಪೆರ್ಪಿನ್ಯಾಂ ಸುತ್ತಮುತ್ತ, ಅಂಡೋರಾ ಎಂಬ ಚಿಕ್ಕ ದೇಶದಲ್ಲಿ, ಇಟಲಿಯ ಸಾರ್ಡಿನಿಯಾ ದ್ವೀಪದ ಆಲ್ಗೇರೊ ಎಂಬ ಊರಿನಲ್ಲಿ ಹರಡಿಕೊಂಡಿದ್ದಾರೆ.

ಗಡಿ ಎಂದರೆ ಏನೆಂದು ನಮಗೆ ಗೊತ್ತು. ಅಲ್ಲಿಯ ಒಂದು ಗಡಿಯ ಕತೆ ಕೇಳಿರಿ. 1659ರಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಒಪ್ಪಂದ ಮಾಡಿಕೊಂಡು ಪಿರನೀಸ್ ಪರ್ವತವನ್ನು ಗಡಿ ಎಂದು ಗೊತ್ತುಮಾಡಿದವು. ಮರುವರ್ಷ ಬೆಟ್ಟದ ನಡುವಿನ 33 ಹಳ್ಳಿಗಳು ಫ್ರಾನ್ಸಿನ ಪಾಲಾದವು. ಲ್ಯಿವಿಯಾ ಎಂಬ ಊರು ಮಾತ್ರ ಹಳ್ಳಿ ಅಲ್ಲ, ಪಟ್ಟಣದ ಹಕ್ಕು ಇರುವ ಊರು ಎಂಬ ವಾದದ ಮೇಲೆ ಸ್ಪೇನಿಗೇ ಉಳಿಯಿತು. ಇವತ್ತಿಗೂ ಅದರ ಸುತ್ತ ಫ್ರಾನ್ಸ್, ನಡುವೆ ಸ್ಪೇನ್. ಕಾಗದದ ಮೇಲಿನ ಒಂದು ಶಬ್ದದಿಂದ ಊರುಗಳ ಹಣೆಬರಹ ಬದಲಾಗುತ್ತದೆ ಎಂಬುದನ್ನು ನಮ್ಮ ಕಡೆಯ ಹಿರಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

1939ರಲ್ಲಿ ಸ್ಪೇನಿನ ಒಳಯುದ್ಧ ಮುಗಿದು ಜನರಲ್ ಫ್ರಾಂಕೊನ ಸರ್ವಾಧಿಕಾರ ಬಂತು. ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಗಳಿಂದ ಕತಲಾನ್ ಭಾಷೆಯನ್ನು ಹೊರಗೆ ಹಾಕಿದರು. ಮುಂದೆ ಕೆಲವು ಪುಸ್ತಕಗಳಿಗೆ ಅನುಮತಿ ಸಿಕ್ಕರೂ 1975ರಲ್ಲಿ ಫ್ರಾಂಕೊ ಸಾಯುವ ತನಕ ಸರ್ಕಾರದ ವ್ಯವಹಾರದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಷ್ಟು ವರ್ಷ ಆ ಭಾಷೆ ಉಳಿದದ್ದು ಹೆಚ್ಚಾಗಿ ಮನೆಯ ಒಳಗೆ, ಅಂದರೆ ಒಲೆಯ ಮುಂದೆ, ಊಟದ ಮೇಜಿನ ಸುತ್ತ. 1978ರ ಸಂವಿಧಾನ, 1979ರ ಸ್ವಾಯತ್ತ ಕಾಯದೆ ಬಂದ ಮೇಲೆ ಕತಲಾನ್ ಮತ್ತೆ ಅಧಿಕೃತ ಭಾಷೆಯಾಯಿತು. 1983ರಲ್ಲಿ ಭಾಷೆಯ ಕಾನೂನು ಬಂತು. ಅದೇ ವರ್ಷ ಕತಲೂನ್ಯ ರೇಡಿಯೊ ಮತ್ತು ಟಿವಿ-3 ಎಂಬ ದೂರದರ್ಶನ ಕೇಂದ್ರ ಕತಲಾನ್ ಭಾಷೆಯಲ್ಲೇ ಪ್ರಸಾರ ಶುರುಮಾಡಿದವು.

ಈಗ ಓಣಿಗೆ ಬರೋಣ. ಮಗಳ ಮನೆ ಇದ್ದದ್ದು ಸಾಂತ್ಸ್ ಎಂಬ ಭಾಗದಲ್ಲಿ. ಅದು ಮೊದಲು ಬೇರೆಯೇ ಊರು. 1897ರಲ್ಲಿ ಬಾರ್ಸೆಲೋನಾಕ್ಕೆ ಸೇರಿತು. ಸೊಲ್ಲಾಪುರದವರಿಗೆ ಅದು ತಟ್ಟನೆ ಗುರುತು ಸಿಗುವಂಥ ಜಾಗ, ಏಕೆಂದರೆ ಅದು ಬಟ್ಟೆಯ ಗಿರಣಿಗಳ ಕೇರಿ. ವಾಪೋರ್ ವೆಲ್ಯ್ ಅಂದರೆ ಹಳೆಯ ಉಗಿ ಗಿರಣಿ. ಅದು ಈಗ ಗ್ರಂಥಾಲಯ ಮತ್ತು ಶಾಲೆ ಆಗಿದೆ. ಎಸ್ಪಾನ್ಯ ಇಂಡಸ್ಟ್ರಿಯಲ್ ಎಂಬ ದೊಡ್ಡ ಗಿರಣಿಯ ಜಾಗದಲ್ಲಿ ಉದ್ಯಾನವಿದೆ. ಗಿರಣಿ ಹೋದರೂ ಗಿರಣಿ ಕೆಲಸಗಾರರ ಊಟದ ರೂಢಿ ಹೋಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾರ್ಸೆಲೋನಾದ ಬಡವರು ಉಣ್ಣುತ್ತಿದ್ದ ಅಂಗಡಿಗಳಿಗೆ 'ಫೊಂದ ದೆ ಸಿಸೊಸ್' ಎಂದು ಹೆಸರಿತ್ತು. ಆರು ಬಿಡಿಗಾಸಿಗೆ ಊಟ ಎಂಬುದರಿಂದ ಬಂದ ಹೆಸರು. ನಮ್ಮಲ್ಲಿ 'ಎರಡಾಣೆ ಖಾನಾವಳಿ' ಎಂದ ಹಾಗೆ.

ಇವತ್ತು ಅಲ್ಲಿ ನಡೆಯುವ ಪದ್ಧತಿಗೆ 'ಮೆನೂ ದೆಲ್ ದಿಯ' ಎನ್ನುತ್ತಾರೆ, ಅಂದರೆ 'ದಿನದ ಊಟ'. ಅದರ ಮೂಲ 1964ರ ಒಂದು ಸರ್ಕಾರಿ ಆಜ್ಞೆ. ಪ್ರವಾಸಿಗರಿಗೆ ನಿಗದಿತ ಬೆಲೆಗೆ ಪೂರ್ತಿ ಊಟ ಕೊಡಬೇಕೆಂದು ಫ್ರಾಂಕೊನ ಸರ್ಕಾರ ಹೋಟೆಲಿನವರಿಗೆ ಹೇಳಿತು. ಪ್ರವಾಸಿಗರಿಗೆಂದು ಬಂದದ್ದು ಕ್ರಮೇಣ ಸ್ಥಳೀಯ ನೌಕರರ, ಕೆಲಸಗಾರರ ಮಧ್ಯಾಹ್ನದ ಊಟವಾಯಿತು. ಮೊದಲ ಪದಾರ್ಥ, ಎರಡನೆಯ ಪದಾರ್ಥ, ಸಿಹಿ ಅಥವಾ ಕಾಫಿ, ಜೊತೆಗೆ ಬ್ರೆಡ್ಡು, ಕುಡಿಯಲು ನೀರು ಅಥವಾ ದ್ರಾಕ್ಷಾರಸ. ಎಲ್ಲ ಸೇರಿ ಒಂದೇ ದರ. ಊಟದ ವೇಳೆ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ತನಕ.

ನಾವು ಹೋದ ಖಾನಾವಳಿಯಲ್ಲಿ ಎಂಟು ಟೇಬಲ್ಲು. ಗಂಡ ಹೆಂಡತಿ ನಡೆಸುತ್ತಿದ್ದರು. ಅಡಿಗೆ ಮಾಡುವವಳು ಹೆಂಡತಿ. ಲೆಕ್ಕ ಮತ್ತು ಬಡಿಸುವುದು ಗಂಡನದು. ಜೊತೆಗೆ ಒಬ್ಬ ಹುಡುಗ. ಆಕೆ ಮೊದಲು ದೊಡ್ಡ ಹೆಸರಿನ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ದುಡಿದು ಕೈ ಪಳಗಿಸಿಕೊಂಡವಳು. ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಸುಣ್ಣದ ಕಡ್ಡಿಯಿಂದ ಆ ದಿನದ ಪದಾರ್ಥಗಳನ್ನು ಬರೆದಿದ್ದರು, ಮೇಲೆ ಕತಲಾನ್, ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಪ್ಯಾನಿಷ್. ಮಾಂಸ, ಮೀನು ಬೇಡ ಎಂದು ಮಗಳು ಹೇಳಿದಳು. ನಿಜ ಹೇಳಬೇಕೆಂದರೆ ಕತಲಾನ್ ಅಡಿಗೆಯಲ್ಲಿ ಹಂದಿಯ ಮಾಂಸ, ಒಣಮೀನು, ಸಮುದ್ರದ ಜಂತುಗಳು ಬಹಳ. ಕೋಳಿಯನ್ನೂ ಸಿಗಡಿಯನ್ನೂ ಒಟ್ಟಿಗೆ ಬೇಯಿಸಿ 'ಸಮುದ್ರ ಮತ್ತು ಬೆಟ್ಟ' ಎಂದು ಹೆಸರಿಟ್ಟ ಜನ ಅವರು. ಆದರೂ ನಮಗೆ ಉಪವಾಸದ ಪ್ರಸಂಗ ಬರಲಿಲ್ಲ.

ಮೊದಲು ಬಂದದ್ದು 'ಪಾ ಅಂಬ್ ತುಮಾಕೆತ್'. ಪಾ ಎಂದರೆ ರೊಟ್ಟಿ, ಅಂಬ್ ಎಂದರೆ ಜೊತೆ, ತುಮಾಕೆತ್ ಎಂದರೆ ಟೊಮ್ಯಾಟೊ. ಸುಟ್ಟ ಬ್ರೆಡ್ಡಿನ ಮೇಲೆ ಹಣ್ಣಾದ ಟೊಮ್ಯಾಟೊವನ್ನು ಹೋಳು ಮಾಡಿ ಉಜ್ಜುತ್ತಾರೆ. ರಸ ಬ್ರೆಡ್ಡಿಗೆ ಇಳಿಯುತ್ತದೆ. ಮೇಲೆ ಉಪ್ಪು, ಆಲಿವ್ ಎಣ್ಣೆ. ಮುಗಿಯಿತು. ಒಣಗಿದ ಬ್ರೆಡ್ಡನ್ನು ಮೆತ್ತಗೆ ಮಾಡುವ ಬಡವರ ಉಪಾಯ ಅದು. ಇವತ್ತು ಕತಲಾನರ ಗುರುತು ಎಂದರೆ ಇದೇ. ನಾವು ಪೇಟೆಯಲ್ಲಿ 'ಪಾವ್' ಎನ್ನುತ್ತೇವಲ್ಲ, ಅದು ಪೋರ್ಚುಗೀಸರು ಗೋವೆಗೆ ತಂದ ಶಬ್ದ. ಕತಲಾನರ 'ಪಾ', ಪೋರ್ಚುಗೀಸರ 'ಪಾವ್' ಎರಡಕ್ಕೂ ತಾಯಿ ಒಂದೇ ಲ್ಯಾಟಿನ್ ಶಬ್ದ. ಹೀಗಾಗಿ ಆ ಹಲಗೆಯ ಮೇಲಿನ ಮೊದಲ ಶಬ್ದವೇ ನಮಗೆ ದೂರದ ನೆಂಟ.

ಆಮೇಲೆ ಬಂದದ್ದು ಕಲ್ಸೊತ್ ಭಜಿ. ಭಜಿ ಎಂಬುದು ನನ್ನ ಮಾತು. ಕಲ್ಸೊತ್ ಎಂದರೆ ಒಂದು ಬಗೆಯ ಎಳೆ ಉಳ್ಳಾಗಡ್ಡಿ. ಬಿಳಿ ಉಳ್ಳಾಗಡ್ಡಿಯನ್ನು ಒಮ್ಮೆ ಬೆಳೆದು, ಕಿತ್ತು, ಆ ಗಡ್ಡೆಯನ್ನೇ ಮತ್ತೆ ನೆಡುತ್ತಾರೆ. ಚಿಗುರು ಬಂದಂತೆ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗುತ್ತಾರೆ. ಬಿಸಿಲು ತಾಗದ ಭಾಗ ಬೆಳ್ಳಗೆ, ಉದ್ದಕ್ಕೆ, ಮೆತ್ತಗೆ ಬೆಳೆಯುತ್ತದೆ. ಮಣ್ಣು ಏರಿಸುವುದಕ್ಕೆ ಅವರ ಭಾಷೆಯಲ್ಲಿ 'ಕಲ್ಸಾ' ಎನ್ನುತ್ತಾರೆ. ಅದರಿಂದಲೇ ಈ ಹೆಸರು. ವಾಲ್ಸ್ ಎಂಬ ಊರು ಇದಕ್ಕೆ ಪ್ರಸಿದ್ಧ. ಚಳಿಗಾಲದಲ್ಲಿ ಜನ ಹೊಲದಲ್ಲಿ ಸೇರಿ ದ್ರಾಕ್ಷಿಬಳ್ಳಿಯ ಕಡ್ಡಿಗಳ ಬೆಂಕಿಯಲ್ಲಿ ಅದನ್ನು ಕರ್ರಗೆ ಸುಟ್ಟು, ಮೇಲಿನ ಸಿಪ್ಪೆ ಜಾರಿಸಿ, ಚಟ್ನಿಯಲ್ಲಿ ಅದ್ದಿ, ತಲೆ ಮೇಲೆತ್ತಿ ಬಾಯಿಗಿಳಿಸುತ್ತಾರೆ. ಸುಗ್ಗಿಯಲ್ಲಿ ನಾವು ಸೀತನಿ ತಿನ್ನಲು ಹೊಲಕ್ಕೆ ಹೋದ ಹಾಗೆ. ಓಣಿಯ ಖಾನಾವಳಿಯಲ್ಲಿ ಬೆಂಕಿಯ ಜ್ವಾಲೆಗೆ ಜಾಗ ಎಲ್ಲಿ? ಅದಕ್ಕೆ ಆಕೆ ಅದನ್ನೇ ತೆಳುವಾದ ಹಿಟ್ಟಿನಲ್ಲಿ ಅದ್ದಿ ಕರಿದಿದ್ದಳು. ಈ ರೀತಿ ಕರಿಯುವುದು ಜಪಾನಿನಿಂದ ಬಂದದ್ದು, ಉಳ್ಳಾಗಡ್ಡಿ ವಾಲ್ಸ್ ಕಡೆಯದು.

ಅದರ ಜೊತೆಗಿನ ಚಟ್ನಿಯನ್ನು ನಮ್ಮ ಮನೆಯವರು ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿ, "ಇದು ನಮ್ಮ ಹಿಂಡಿ ಅಲ್ಲೇನ್ರೀ?" ಎಂದರು. ಅದರ ಹೆಸರು ರೊಮೆಸ್ಕೊ. ತಾರ್ರಗೋನ ಎಂಬ ಊರಿನ ಕಡೆಯದು. ಬಾದಾಮಿ, ಹೇಜಲ್ ಎಂಬ ಕಾಯಿ, ಬಳ್ಳೊಳ್ಳಿ, ಸುಟ್ಟ ಟೊಮ್ಯಾಟೊ, ಒಣಮೆಣಸಿನಕಾಯಿ, ಎಣ್ಣೆ, ಸ್ವಲ್ಪ ಹುಳಿ, ಇವನ್ನೆಲ್ಲ ಕಲ್ಲಿನಲ್ಲಿ ಕುಟ್ಟಿ ಮಾಡುತ್ತಾರೆ. ಆ ಮೆಣಸಿನಕಾಯಿಗೆ ನ್ಯೋರ ಎಂದು ಹೆಸರು. ದುಂಡಗೆ, ಕೆಂಪಗೆ, ಖಾರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣಕ್ಕೆ ಬಳಸುವುದು. ಸೊಲ್ಲಾಪುರದ ಶೇಂಗಾ ಹಿಂಡಿಯಲ್ಲಿ ಬಾದಾಮಿಯ ಜಾಗಕ್ಕೆ ಶೇಂಗಾ. ಕುಟ್ಟುವ ರೀತಿ ಒಂದೇ.

ಇದು ಕಾಕತಾಳೀಯ ಅಲ್ಲ. ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ, ಆಲೂಗಡ್ಡೆ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಕೊಲಂಬಸ್ ಮೊದಲ ಪ್ರಯಾಣ ಮುಗಿಸಿ ಬಂದು 1493ರಲ್ಲಿ ರಾಜ ರಾಣಿಯರನ್ನು ಕಂಡದ್ದು ಬಾರ್ಸೆಲೋನಾ ಪಟ್ಟಣದಲ್ಲೇ. ಮುಂದೆ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ಗೋವೆಗೆ ಬಂದು ನಮ್ಮ ಹೊಲ ಸೇರಿತು. ಅವರೂ ನಾವೂ ಹೊರಗಿನಿಂದ ಬಂದ ಪದಾರ್ಥವನ್ನು ನಮ್ಮ ನಮ್ಮ ಕಲ್ಲಿನಲ್ಲಿ ಹಾಕಿ ಕುಟ್ಟಿ, ನಮ್ಮದೇ ಎನ್ನುವಂತೆ ಮಾಡಿಕೊಂಡೆವು.

ಎರಡನೆಯ ಪದಾರ್ಥ ಎಸ್ಕಲಿವಾದ. ಬದನಿಕಾಯಿ, ಕೆಂಪು ಡೊಣ್ಣಮೆಣಸಿನಕಾಯಿ, ಉಳ್ಳಾಗಡ್ಡಿ ಇವನ್ನು ಇಡಿಯಾಗಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಉದ್ದುದ್ದ ಸೀಳಿ, ಎಣ್ಣೆ ಉಪ್ಪು ಹಾಕಿ ಇಡುತ್ತಾರೆ. ಎಸ್ಕಲಿವಾ ಎಂದರೆ ಕೆಂಡದ ಬೂದಿಯಲ್ಲಿ ಸುಡುವುದು. ನಮ್ಮಲ್ಲಿ ಬದನಿಕಾಯಿ ಸುಟ್ಟು ಭರ್ತ ಮಾಡುತ್ತೇವೆ, ಅದರ ಸೋದರ. ಅದನ್ನು 'ಕೊಕ' ಎಂಬ ತೆಳುವಾದ, ಗರಿಗರಿಯಾದ ರೊಟ್ಟಿಯ ಮೇಲೆ ಹರಡಿ ಕೊಟ್ಟಳು. ಪಕ್ಕದಲ್ಲಿ ಬೇಯಿಸಿದ ಬಿಳಿ ಅವರೆಯಂಥ ಕಾಳು, ಮೊಂಜೆತಸ್. ಅದರ ಮೇಲೆ 'ಆಲ್ ಇ ಒಲಿ' ಒಂದು ಚಮಚ. ಹೆಸರೇ ಪದಾರ್ಥದ ಪಟ್ಟಿ: ಬಳ್ಳೊಳ್ಳಿ ಮತ್ತು ಎಣ್ಣೆ. ಹಳೆಯ ಪದ್ಧತಿಯಲ್ಲಿ ಬಳ್ಳೊಳ್ಳಿಯನ್ನು ಉಪ್ಪಿನೊಡನೆ ಅರೆಯುತ್ತಾ ಹನಿಹನಿಯಾಗಿ ಎಣ್ಣೆ ಬಿಟ್ಟು ಬೆಣ್ಣೆಯ ಹಾಗೆ ಮಾಡಬೇಕು. ಕೈ ಬಿದ್ದು ಹೋಗುವ ಕೆಲಸವೆಂದು ಅನೇಕರು ಈಗ ತತ್ತಿ ಸೇರಿಸುತ್ತಾರೆ. ಈಕೆ ತತ್ತಿ ಹಾಕುವುದಿಲ್ಲ ಎಂದು ವಿಚಾರಿಸಿಯೇ ನಾವು ತಿಂದೆವು.

ಸಿಹಿಗೆ ನನಗೆ 'ಮೆಲ್ ಇ ಮತೊ', ಅಂದರೆ ಹಾಲು ಒಡೆಸಿ ಮಾಡಿದ ಉಪ್ಪಿಲ್ಲದ ಹಸಿ ಗಿಣ್ಣು, ಮೇಲೆ ಜೇನುತುಪ್ಪ. ಅಳಿಯ ತೆಗೆದುಕೊಂಡದ್ದು 'ಕ್ರೆಮ ಕತಲಾನ'. ಹಾಲು, ತತ್ತಿ, ಸಕ್ಕರೆಯ ಗಟ್ಟಿ ಪಾಯಸ. ಮೇಲೆ ಸಕ್ಕರೆ ಸುಟ್ಟು ಕಾಜಿನಂಥ ಪದರ. ಮಾರ್ಚ್ 19ರ ಸಂತ ಜೋಸೆಫನ ಹಬ್ಬಕ್ಕೆ ಮನೆಮನೆಯಲ್ಲಿ ಮಾಡುವಂಥದು. ಇಲ್ಲಿ ಮಾತ್ರ ಅದು ನೊರೆಯ ರೂಪದಲ್ಲಿ, ಬಾಯಿಗಿಟ್ಟರೆ ಕರಗುವ ಹಾಗೆ ಬಂತು.

ಆ ನೊರೆಯ ಹಿಂದೆ ಒಂದು ಚರಿತ್ರೆ ಇದೆ. ರೋಸೆಸ್ ಊರಿನ ಹತ್ತಿರ ಸಮುದ್ರ ದಂಡೆಯಲ್ಲಿ ಎಲ್ ಬುಲ್ಯಿ ಎಂಬ ಹೋಟೆಲ್ ಇತ್ತು. ಅದರ ಅಡಿಗೆಯವ ಫೆರ್ರಾನ್ ಅದ್ರಿಯಾ. ಸೋಡಾ ತುಂಬುವಂಥ ಒಂದು ಡಬ್ಬಿಯಲ್ಲಿ ಗ್ಯಾಸ್ ಹಾಕಿ, ಪದಾರ್ಥದ ರಸವನ್ನೇ ನೊರೆ ಮಾಡುವ ಕ್ರಮವನ್ನು ಅವನು 1994ರಲ್ಲಿ ತಂದ. ಅವನ ಮೊದಲ ನೊರೆ ಯಾವುದರದು ಗೊತ್ತೇ? ಬಡವರ ಬಿಳಿ ಕಾಳಿನದು, ಅದೇ ಮೊಂಜೆತಸ್. 1997ರಲ್ಲಿ ಆ ಹೋಟೆಲಿಗೆ ಮಿಶೆಲಿನ್ ಎಂಬ ಪ್ರಸಿದ್ಧ ಕೈಪಿಡಿಯ ಮೂರು ನಕ್ಷತ್ರ ಸಿಕ್ಕವು. 2011ರ ಜುಲೈ 30ರಂದು ಅವನು ಹೋಟೆಲನ್ನು ಮುಚ್ಚಿದ. ಆದರೆ ಅವನ ಕೈಕೆಳಗೆ, ಅವನಂಥವರ ಕೈಕೆಳಗೆ ಕಲಿತ ನೂರಾರು ಹುಡುಗ ಹುಡುಗಿಯರು ಹೊರಗೆ ಬಂದರು. ದೊಡ್ಡ ಹೋಟೆಲ್ ಹಾಕಲು ಎಲ್ಲರ ಹತ್ತಿರ ಬಂಡವಾಳ ಇರಲಿಲ್ಲ. ಕೆಲವರು ಓಣಿಯಲ್ಲಿ ಎಂಟು ಹತ್ತು ಟೇಬಲ್ಲಿನ ಅಂಗಡಿ ತೆರೆದರು. ದೊಡ್ಡವರ ವಿದ್ಯೆ ಹೀಗೆ ಸಾಮಾನ್ಯರ ತಟ್ಟೆಗೆ ಇಳಿಯಿತು.

ಇನ್ನೊಂದು ಉದಾಹರಣೆ ಹೇಳುತ್ತೇನೆ. ಜಿರೋನ ಎಂಬ ಊರಿನ ಅಂಚಿನ ಕೆಲಸಗಾರರ ಬಡಾವಣೆಯಲ್ಲಿ ಗಂಡ ಹೆಂಡತಿ 1967ರಲ್ಲಿ ಕಾನ್ ರೋಕ ಎಂಬ ಖಾನಾವಳಿ ತೆರೆದರು. ಕಾನ್ ಎಂದರೆ 'ಇಂಥವರ ಮನೆ'. ಅಲ್ಲಿಯ ಎಷ್ಟೋ ಖಾನಾವಳಿಗಳ ಹೆಸರು ಹೀಗೆ ಮನೆತನದ ಹೆಸರೇ. ಅವರ ಮೂವರು ಮಕ್ಕಳಲ್ಲಿ ಹಿರಿಯರು 1986ರಲ್ಲಿ ಪಕ್ಕದಲ್ಲೇ ತಮ್ಮ ಹೋಟೆಲ್ ಶುರುಮಾಡಿದರು. ಮುಂದೆ ಕಿರಿಯನೂ ಸೇರಿದ. 2013 ಮತ್ತು 2015ರಲ್ಲಿ ಜಗತ್ತಿನ 50 ಶ್ರೇಷ್ಠ ಹೋಟೆಲುಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಬಂತು. ಇಷ್ಟಾದರೂ ಆ ಹೋಟೆಲಿನ ಅಡಿಗೆಯವರು ಮಧ್ಯಾಹ್ನ ಉಣ್ಣಲು ಹೋಗುತ್ತಿದ್ದದ್ದು ತಾಯಿಯ ಖಾನಾವಳಿಗೆ. ಸಂತ್ ಪೋಲ್ ಎಂಬ ಕಡಲ ಊರಿನಲ್ಲಿ ಕಾರ್ಮೆ ರುಸ್ಕಲ್ಯೆದ ಎಂಬ ಹೆಣ್ಣುಮಗಳು ಮನೆಯ ಕಿರಾಣಿ ಅಂಗಡಿಯಿಂದ ಶುರುಮಾಡಿ 1988ರಿಂದ 2018ರ ವರೆಗೆ ನಡೆಸಿದ ಹೋಟೆಲಿಗೂ ಮೂರು ನಕ್ಷತ್ರ ಬಂದಿದ್ದವು. ಹೊಸ ಅಡಿಗೆ ಎಂದರೆ ತಾಯಿಯ ಅಡಿಗೆಯನ್ನು ಬಿಟ್ಟು ಓಡುವುದು ಎಂದು ಇವರು ಯಾರೂ ತಿಳಿಯಲಿಲ್ಲ.

ಇದಕ್ಕೆ ಗಟ್ಟಿಯಾದ ಬುನಾದಿಯೂ ಇತ್ತು. 1324ರಷ್ಟು ಹಿಂದೆಯೇ ಕತಲಾನ್ ಭಾಷೆಯಲ್ಲಿ 'ಸೆಂತ್ ಸೊವಿ' ಎಂಬ ಅಡಿಗೆಯ ಪುಸ್ತಕ ಕೈಬರಹದಲ್ಲಿ ಹುಟ್ಟಿದೆ. 1520ರಲ್ಲಿ ಇನ್ನೊಂದು ಅಡಿಗೆ ಪುಸ್ತಕ ಬಾರ್ಸೆಲೋನಾದಲ್ಲಿ ಅಚ್ಚಾಗಿದೆ. ಬಾದಾಮಿ, ಬಳ್ಳೊಳ್ಳಿ, ಸುಟ್ಟ ಬ್ರೆಡ್ಡನ್ನು ಕುಟ್ಟಿ ಕೊನೆಗೆ ಸಾರಿಗೆ ಹಾಕುವ 'ಪಿಕಾದ'ವನ್ನು ಮನೆಗಳಲ್ಲೂ ಹೋಟೆಲುಗಳಲ್ಲೂ ಇವತ್ತಿಗೂ ಮಾಡುತ್ತಾರೆ. ಸಣ್ಣ ಉರಿಯಲ್ಲಿ ಪದಾರ್ಥ ಕುದಿಯುವುದಕ್ಕೆ ಅವರು 'ಶುಪ್ ಶುಪ್' ಮಾಡುವುದು ಎನ್ನುತ್ತಾರೆ. ನಾವು 'ಕೊತ ಕೊತ' ಎನ್ನುವುದಿಲ್ಲವೇ, ಹಾಗೆ. ಇಂಥ ಶಬ್ದಗಳನ್ನು ಮಗು ಕಲಿಯುವುದು ಅಡಿಗೆಮನೆಯಲ್ಲಿ.

ಈಗ ನನ್ನ ಕಸುಬಿನ ಮಾತು, ಲೆಕ್ಕ. ಊಟಕ್ಕೆ ತಲೆಗೆ 18 ಯೂರೋ. ಆಗ ಯೂರೋಗೆ ಸುಮಾರು 89 ರೂಪಾಯಿ, ಅಂದರೆ 1,600 ರೂಪಾಯಿ. ಕೇಳಿದ ಕೂಡಲೆ ನಮ್ಮವರಿಗೆ ಎದೆ ಝಲ್ ಎನ್ನುತ್ತದೆ. ಅಲ್ಲಿಯ ಪಗಾರಕ್ಕೆ ಹಿಡಿದು ನೋಡಿದರೆ ನೌಕರಸ್ಥನು ಆಗಾಗ ಕೊಡಬಲ್ಲ ದುಡ್ಡು. ಆ 18ರಲ್ಲಿ ನೂರಕ್ಕೆ ಹತ್ತರಂತೆ ತೆರಿಗೆ ಸೇರಿದೆ, ಅಂದರೆ 1 ಯೂರೋ 64 ಸೆಂಟು ಸರ್ಕಾರಕ್ಕೆ. ಉಳಿದದ್ದರಲ್ಲಿ ಸುಮಾರು ಮೂರನೆಯ ಒಂದು ಪಾಲು ಸಾಮಾನಿಗೆ ಹೋಗುತ್ತದೆ ಎಂದು ಯಜಮಾನ ಹೇಳಿದ. ಬಾಡಿಗೆ, ಹುಡುಗನ ಪಗಾರ, ವಿಮೆ, ಗ್ಯಾಸು, ಕರೆಂಟು ಕಳೆದರೆ ಉಳಿಯುವುದು ಬಹಳ ಕಡಿಮೆ. ಅದಕ್ಕೇ ಪದಾರ್ಥಗಳನ್ನು ಎರಡು ಮೂರಕ್ಕೆ ಮಿತಿ ಮಾಡುತ್ತಾರೆ. ಬೆಳಗ್ಗೆ ಓಣಿಯ ಮಾರುಕಟ್ಟೆಗೆ ಹೋಗಿ ಹಂಗಾಮಿನಲ್ಲಿ ಅಗ್ಗವಾದದ್ದನ್ನೇ ತರುತ್ತಾರೆ. ಬಾರ್ಸೆಲೋನಾದಲ್ಲಿ ಪಾಲಿಕೆಯ ಇಂಥ ಮಾರುಕಟ್ಟೆಗಳು ಸುಮಾರು 40 ಇವೆ. ನಿನ್ನೆ ಉಳಿದ ಬ್ರೆಡ್ಡು ಇಂದು ಚಟ್ನಿಗೆ ಹೋಗುತ್ತದೆ. ಮಧ್ಯಾಹ್ನ ಒಂದೊಂದು ಟೇಬಲ್ಲಿಗೆ ಎರಡು ಪಂಕ್ತಿ ಆಗಲೇಬೇಕು. ಊಟಕ್ಕೆ ಕೂತವರಿಗೆ ಅವರು 'ಬೊನ್ ಪ್ರುಫಿತ್' ಎಂದು ಹಾರೈಸುತ್ತಾರೆ, ಉಂಡದ್ದು ಮೈಗೆ ಹತ್ತಲಿ ಎಂಬ ಅರ್ಥ. ನಮ್ಮ ಬ್ಯಾಂಕಿನಲ್ಲಿ ಪ್ರಾಫಿಟ್ ಎಂಬುದು ಮಾರ್ಚ್ ಕೊನೆಗೆ ಬರುವ ಶಬ್ದ. ಅಲ್ಲಿ ಅದು ದಿನಾ ತಟ್ಟೆಯ ಜೊತೆಗೆ ಬರುತ್ತದೆ ಎಂದು ಮಗಳ ಹತ್ತಿರ ಹೇಳಿ ನಕ್ಕೆವು.

ಪಕ್ಕದ ಟೇಬಲ್ಲಿನ ಹಿರಿಯರು ಪೊರ್ರೊ ಎಂಬ ಗಾಜಿನ ಕೊಳವೆಗಿಂಡಿಯಿಂದ ದ್ರಾಕ್ಷಾರಸ ಕುಡಿಯುತ್ತಿದ್ದರು. ಎತ್ತರಕ್ಕೆ ಹಿಡಿದು ಧಾರೆಯಾಗಿ ಬಾಯಿಗೆ ಬಿಡುತ್ತಾರೆ. ತುಟಿಗೆ ತಾಗಿಸುವುದಿಲ್ಲ. ಒಂದೇ ಗಿಂಡಿ ಎಲ್ಲರ ಕೈಗೂ ಹೋಗುತ್ತದೆ. ನಾನು ನನ್ನ ನೀರನ್ನು ನಮ್ಮ ಪದ್ಧತಿಯಂತೆ ಎತ್ತಿ ಕುಡಿದೆ. ಅವರು ನೋಡಿ ಮೆಚ್ಚಿ ತಲೆಯಾಡಿಸಿದರು.

ನಾನು ಹೆಚ್ಚು ಗಮನಿಸಿದ್ದು ಅಲ್ಲಿಯ ಮಾತುಕತೆಯನ್ನು. ಬಡಿಸುವ ಹುಡುಗ ದಕ್ಷಿಣ ಅಮೆರಿಕದ ಕಡೆಯಿಂದ ಬಂದವನು, ಅವನದು ಸ್ಪ್ಯಾನಿಷ್. ಯಜಮಾನ ಅವನೊಡನೆ ಕತಲಾನಿನಲ್ಲೇ ಮಾತಾಡುತ್ತಿದ್ದ. ಹುಡುಗ ಸ್ಪ್ಯಾನಿಷಿನಲ್ಲಿ ಉತ್ತರ ಕೊಡುತ್ತಿದ್ದ. ಆದರೆ ಪದಾರ್ಥದ ಹೆಸರು ಬಂದಾಗ ಅವನೂ ಕತಲಾನ್ ಶಬ್ದವನ್ನೇ ಹೇಳುತ್ತಿದ್ದ. ಯಾರಿಗೂ ಸಿಟ್ಟಿಲ್ಲ, ಸೆಡವಿಲ್ಲ. ಅಕ್ಕಲಕೋಟೆಯ ಸಂತೆಯಲ್ಲಿ ಕಾಯಿಪಲ್ಯ ಮಾರುವವಳು ಕನ್ನಡದಲ್ಲಿ ದರ ಹೇಳಿ, ಕೊಳ್ಳುವವನು ಮರಾಠಿಯಲ್ಲಿ ಚೌಕಾಸಿ ಮಾಡುವುದನ್ನು ನಾವು ದಿನಾ ಕಾಣುತ್ತೇವೆ. ಇದೂ ಹಾಗೆಯೇ.

ಹಲಗೆಯ ಮೇಲೆ ಕತಲಾನ್ ಇರಲೇಬೇಕು ಎಂದು ಅಲ್ಲಿ ನಿಯಮವಿದೆ. 2010ರ ಗ್ರಾಹಕರ ಕಾನೂನಿನ ಪ್ರಕಾರ ಊಟದ ಪಟ್ಟಿ ಕತಲಾನ್ ಭಾಷೆಯಲ್ಲೂ ಸಿಗಬೇಕು. ಶಾಲೆಯಲ್ಲಿ ಕಲಿಕೆ ಕತಲಾನಿನಲ್ಲಿದೆ. ಹೊರಗಿನಿಂದ ಬಂದವರಿಗೆ ಸರ್ಕಾರದ ಭಾಷಾ ತರಗತಿಗಳಿವೆ, ಮೊದಲ ಹಂತಕ್ಕೆ ಫೀ ಇಲ್ಲ. ನಮ್ಮ ಮಗಳು ಕಲಿತದ್ದೂ ಅಲ್ಲೇ. ಕಾನೂನು, ಶಾಲೆ, ರೇಡಿಯೊ, ದೂರದರ್ಶನ ಎಲ್ಲ ಇವೆ. ಆದರೂ ಸರ್ಕಾರದ ಸಮೀಕ್ಷೆ ಏನು ಹೇಳುತ್ತದೆ ಕೇಳಿರಿ. 2003ರಲ್ಲಿ ಕತಲೂನ್ಯದ ನೂರು ಜನರಲ್ಲಿ 46 ಜನ ದಿನನಿತ್ಯ ಬಳಸುವ ಭಾಷೆ ಕತಲಾನ್ ಎಂದಿದ್ದರು. 2023ರಲ್ಲಿ ಹಾಗೆ ಹೇಳಿದವರು ಸುಮಾರು 33. ಹೊರಗಿನಿಂದ ಬಂದವರ ಸಂಖ್ಯೆ ಹೆಚ್ಚಿದ್ದು ಒಂದು ಕಾರಣ. ಬಲ್ಲವರೂ ಎದುರಿಗಿನವರ ಭಾಷೆಗೆ ಕೂಡಲೆ ತಿರುಗಿಬಿಡುವುದು ಇನ್ನೊಂದು ಕಾರಣ ಎಂದು ಯಜಮಾನನ ಅಭಿಪ್ರಾಯ.

ಖಾನಾವಳಿಗಳಿಗೂ ಕಷ್ಟ ಬಂದಿದೆ. ಹಳೆಯ ಅಂಗಡಿಗಳಿಗಿದ್ದ ಕಡಿಮೆ ಬಾಡಿಗೆಯ ರಕ್ಷಣೆ 1994ರ ಕಾನೂನಿನ ಪ್ರಕಾರ 2014ರ ಡಿಸೆಂಬರ್ 31ಕ್ಕೆ ಮುಗಿಯಿತು. ಬಾಡಿಗೆ ಏರಿ ಅನೇಕ ಹಳೆಯ ಅಂಗಡಿಗಳು ಬಾಗಿಲು ಹಾಕಿದವು. ಪ್ರವಾಸಿಗರು ಹೆಚ್ಚಾದ ಓಣಿಗಳಲ್ಲಿ ಯಾವ ದೇಶದ್ದೂ ಅಲ್ಲದ ತಿನಿಸು ಮಾರುವ ಅಂಗಡಿಗಳು ಬಂದವು. ಕೆಲವು ಕಡೆ ವಯಸ್ಸಾದ ಯಜಮಾನರಿಂದ ಚೀನಾದ ಕುಟುಂಬಗಳು ಅಂಗಡಿ ವಹಿಸಿಕೊಂಡು, ಗಿರಾಕಿಗಳಿಗೆ ಬೇಕಾದ ಅದೇ ಹಳೆಯ ತಿನಿಸುಗಳನ್ನು ಮಾಡುತ್ತಿವೆ. ಅಡಿಗೆಯನ್ನು ಕಲಿಯಬೇಕೆನ್ನುವವನಿಗೆ ಕುಲ ಅಡ್ಡಿ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೊನೆಗೆ ಆಲ್ಗೇರೊ ಊರಿನ ವಿಷಯ. 1354ರಲ್ಲಿ ಕತಲಾನರು ಆ ಊರನ್ನು ಗೆದ್ದು ತಮ್ಮ ಜನರನ್ನು ತಂದು ನೆಲೆಗೊಳಿಸಿದರು. ಆರೂವರೆ ಶತಮಾನ ದಾಟಿದರೂ ಅಲ್ಲಿ ಕತಲಾನ್ ಮಾತು ಇದೆ, ಹೆಚ್ಚಾಗಿ ಹಿರಿಯರ ಬಾಯಲ್ಲಿ. ಮಕ್ಕಳು ಇಟಾಲಿಯನ್ ಮಾತಾಡುತ್ತಾರೆ. ಆದರೆ ಅಲ್ಲಿಯ ಹೋಟೆಲುಗಳಲ್ಲಿ 'ಕತಲಾನ್ ಪದ್ಧತಿಯ' ಕಡಲ ಸಿಗಡಿ ಎಂಬ ಪದಾರ್ಥ ಬಹಳ ಹೆಸರುವಾಸಿ. ಪ್ರವಾಸಿಗರು ದುಬಾರಿ ಬೆಲೆ ಕೊಟ್ಟು ತಿನ್ನುತ್ತಾರೆ. ಇದನ್ನು ಕೇಳಿದಾಗ ನನಗೆ ಸ್ವಲ್ಪ ಭಯವೇ ಆಯಿತು. ತಿನಿಸು ತಟ್ಟೆಯ ಮೇಲೆ ಉಳಿದು, ಅದನ್ನು ಬಡಿಸುವ ಮಾತು ಹೋಗಿಬಿಡಬಹುದು. ರುಚಿ ಒಂದೇ ಭಾಷೆಯನ್ನು ಕಾಯುವುದಿಲ್ಲ. ಸಾಂತ್ಸ್ ಓಣಿಯ ಯಜಮಾನ ಹುಡುಗನೊಡನೆ ದಿನಾ ತನ್ನ ಭಾಷೆಯಲ್ಲಿ ಮಾತಾಡುತ್ತಾನಲ್ಲ, ಅದು ಬೇಕು. ಅಡಿಗೆಯವಳು ಹಳೆಯ ಕಲ್ಸೊತನ್ನು ಹೊಸ ರೀತಿಯಲ್ಲಿ ಕರಿದು ಚಿಕ್ಕ ಹುಡುಗರೂ ಇಷ್ಟಪಟ್ಟು ತಿನ್ನುವ ಹಾಗೆ ಮಾಡುತ್ತಾಳಲ್ಲ, ಅದೂ ಬೇಕು.

ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಇದೆ. ಮರಾಠಿಯಲ್ಲಿ ಅದು ಭಾಕರಿ. ಎಣಗಾಯಿ ಇದೆ. ಅದು ಭರಲೇಲಿ ವಾಂಗಿ. ಎರಡು ಹೆಸರೂ ನಮಗೆ ಬೇಕು. ಮರಾಠಿ ನಮ್ಮ ನೆರೆಯ ಭಾಷೆ, ನಮ್ಮ ಅನ್ನದ ಭಾಷೆ. ಅದರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಕೇಳಬೇಕಾದದ್ದು ಇಷ್ಟೇ: ನಮ್ಮ ಮೊಮ್ಮಗ ಊಟಕ್ಕೆ ಕೂತಾಗ ಎರಡನೆಯ ಹೆಸರನ್ನು ಮಾತ್ರ ಹೇಳುತ್ತಿದ್ದಾನೆಯೋ, ಎರಡನ್ನೂ ಹೇಳುತ್ತಿದ್ದಾನೆಯೋ? ಖಾನಾವಳಿ ನಡೆಸುವ ನಮ್ಮ ಕನ್ನಡ ಬಂಧುಗಳು ತಮ್ಮ ಹಲಗೆಯ ಮೇಲೆ ಮರಾಠಿಯ ಜೊತೆಗೆ ಕನ್ನಡದಲ್ಲೂ ನಾಲ್ಕು ಹೆಸರು ಬರೆದರೆ ಹೆಚ್ಚಿನ ಖರ್ಚು ಸುಣ್ಣದ ಕಡ್ಡಿಯದು ಮಾತ್ರ. ಹೊಸ ಕಾಲದ ಹುಡುಗರಿಗೆ ಹಿಡಿಸುವ ಹಾಗೆ ಹಳೆಯ ಪದಾರ್ಥವನ್ನು ಸ್ವಲ್ಪ ಬದಲಿಸಿದರೂ ತಪ್ಪಿಲ್ಲ. ಹೆಸರು ಮಾತ್ರ ಉಳಿಸಿಕೊಳ್ಳಿರಿ, ಬಡಿಸುವಾಗ ಆ ಹೆಸರನ್ನು ಬಾಯಿ ತುಂಬ ಹೇಳಿರಿ. ಸಂಜೆಯ ಊಟಕ್ಕೆ ಕೂತಾಗ ಈ ಮಾತು ನೆನಪಿಗೆ ಬಂದರೆ ನನ್ನ ಶ್ರಮ ಸಾರ್ಥಕ.